ಬೀದರ್‌ಗೆ ಕತ್ತಲಲ್ಲಿ ಇಳಿದ ವಿಮಾನಗಳು

ಪ್ರತಿ ವರ್ಷ ಸೆಪ್ಟೆಂಬರ್ 17 ಬಂತೆಂದರೆ ನಮ್ಮಂಥ ಜಿಲ್ಲಾ ವರದಿಗಾರರಿಗೆ ಸುದ್ದಿ ಮೊದಲೇ ಸಿದ್ಧ ಇರುತ್ತದೆ. ಬೀದರ್‌ನಲ್ಲಿ ಧ್ವಜಾರೋಹಣ, ಭಾಲ್ಕಿಯಲ್ಲಿ ಧ್ವಜಾರೋಹಣ, ಔರಾದ್‌ನಲ್ಲಿ ಧ್ವಜಾರೋಹಣ. ಹೈದರಾಬಾದ್ ಕರ್ನಾಟಕ ವಿಮೋಚನಾ ದಿನ ಎಂಬ ಹೆಸರು ಹೋಗಿ 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ ಆಗಿದೆ. ಭಾಷಣ ಮಾತ್ರ ಬದಲಾಗಿಲ್ಲ. ಪಟೇಲರು ಬರುತ್ತಾರೆ, ನಿಜಾಮ ಬರುತ್ತಾನೆ, ಕಾಸಿಂ ರಜ್ವಿ ಬರುತ್ತಾನೆ, ಕೊನೆಗೆ ಸೇನೆ ಬರುತ್ತದೆ. ಆಕಾಶ ಮಾತ್ರ ಆ ಭಾಷಣದಲ್ಲಿ ಒಮ್ಮೆಯೂ ಬರುವುದಿಲ್ಲ. ಈ ಸಲ ನಾವು ಬರೆಯುತ್ತಿರುವುದು ಆಕಾಶದ ಕಥೆ.

1948ರ ಸೆಪ್ಟೆಂಬರ್ 13ರ ಬೆಳಗಿನ ಜಾವ ಭಾರತೀಯ ಸೇನೆ ಸೊಲ್ಲಾಪುರದ ಕಡೆಯಿಂದ ಹೈದರಾಬಾದ್ ಸಂಸ್ಥಾನದೊಳಗೆ ನುಗ್ಗಿತು. ಟ್ಯಾಂಕು, ಫಿರಂಗಿ, ಬಾಂಬು ಎಲ್ಲ ಇದ್ದ ಈ ದಂಡಯಾತ್ರೆಗೆ ಸರ್ಕಾರ ಕೊಟ್ಟ ಹೆಸರು ಪೊಲೀಸ್ ಕಾರ್ಯಾಚರಣೆ. ಸೇನೆಯ ಕಡತದಲ್ಲಿ ಅದು ಆಪರೇಷನ್ ಪೋಲೊ. ಮೊದಲ ದಿನವೇ ನಳದುರ್ಗ ಕೈವಶವಾಯಿತು, ಸಂಜೆಯ ಹೊತ್ತಿಗೆ ಪಡೆ ಉಮರ್ಗಾದಲ್ಲಿತ್ತು. ಮರುದಿನ ಹೋಗಬೇಕಾದ್ದು ಪೂರ್ವಕ್ಕೆ 48 ಕಿ.ಮೀ. ದೂರದ ರಾಜೇಶ್ವರಕ್ಕೆ. ಹೌದು, ಬಸವಕಲ್ಯಾಣ ತಾಲ್ಲೂಕಿನ ಅದೇ ರಾಜೇಶ್ವರ. ಹುಮನಾಬಾದ್‌ಗೆ ಹೋಗುವಾಗ ಹೆದ್ದಾರಿಯಲ್ಲಿ ಸಿಗುವ ಊರು.

ಪಡೆ ಹೊರಡುವ ಮುನ್ನ ವಿಮಾನಗಳು ಆ ದಾರಿಯ ಮೇಲೆ ಹಾರಿ ನೋಡಿದವು. ರಸ್ತೆಯ ಅಕ್ಕಪಕ್ಕದಲ್ಲಿ ನಿಜಾಮನ ಕಡೆಯವರು ಗುಂಡಿ ತೋಡಿಕೊಂಡು ಹೊಂಚು ಹಾಕಿ ಕೂತದ್ದು ಕಾಣಿಸಿತು. ಕೂಡಲೇ ಟೆಂಪೆಸ್ಟ್ ವಿಮಾನಗಳನ್ನು ಕರೆಸಿ ಆ ಜಾಗಗಳ ಮೇಲೆ ದಾಳಿ ಮಾಡಿಸಿದರು. ದಾರಿ ತೆರವಾಯಿತು. ಮಧ್ಯಾಹ್ನದ ಹೊತ್ತಿಗೆ ರಾಜೇಶ್ವರ ಸೇನೆಯ ಕೈಯಲ್ಲಿತ್ತು.

ಯುದ್ಧದ ಇತಿಹಾಸಗಳಲ್ಲಿ ಇದು ಎರಡು ವಾಕ್ಯದಲ್ಲಿ ಮುಗಿಯುವ ಸಂಗತಿ. ಆದರೆ ಆ ಎರಡು ವಾಕ್ಯದ ನಡುವೆ ಒಂದು ಕಸುಬು ಇದೆ. ಬಾಂಬು ಹಾಕುವವನಿಗಿಂತ ಮೊದಲು ಹೋಗಿ ನೋಡಿ ಬರುವವನ ಕಸುಬು. ನಮ್ಮ ಜಿಲ್ಲೆಯಲ್ಲಿ ವೈಮಾನಿಕ ಸಮೀಕ್ಷೆ ಎಂದರೆ ಮಾಂಜ್ರಾ ಉಕ್ಕಿದಾಗ ಮಂತ್ರಿಗಳು ಹೆಲಿಕಾಪ್ಟರ್‌ನಲ್ಲಿ ಒಂದು ಸುತ್ತು ಹಾಕಿ ಹೋಗುವುದು ಎಂದಾಗಿಬಿಟ್ಟಿದೆ. ಯುದ್ಧದ ಸಮೀಕ್ಷೆ ಬೇರೆಯೇ ವಿಷಯ. ಮತ್ತು ಅದನ್ನು ಒಂದು ವಿದ್ಯೆಯಾಗಿ ಕಟ್ಟಿದ ಮನುಷ್ಯನಿಗೂ ನಮ್ಮ ಬೀದರ್‌ಗೂ ಒಂದು ವಿಚಿತ್ರ ನಂಟಿದೆ.

ಅವನ ಹೆಸರು ಸಿಡ್ನಿ ಕಾಟನ್. ಹುಟ್ಟಿದ್ದು 1894ರಲ್ಲಿ, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ. ಮೊದಲನೇ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆಯ ಪೈಲಟ್ ಆಗಿದ್ದ. ಆಗಿನ ವಿಮಾನಗಳಿಗೆ ಮುಚ್ಚಿಗೆ ಇರಲಿಲ್ಲ, ಮೇಲೆ ಹೋದವರು ಚಳಿಗೆ ಮರಗಟ್ಟುತ್ತಿದ್ದರು. 1917ರಲ್ಲಿ ಕಾಟನ್ ಅದಕ್ಕೊಂದು ಉಡುಪು ಮಾಡಿದ. ಅವನ ಹೆಸರನ್ನೇ ಹೊತ್ತ ಆ ‘ಸಿಡ್‌ಕಾಟ್’ ದಿರಿಸನ್ನು ಮುಂದೆ ದಶಕಗಳ ಕಾಲ ಪೈಲಟ್‌ಗಳು ತೊಟ್ಟರು. ಯುದ್ಧ ಮುಗಿದ ಮೇಲೆ ಹಲವು ವ್ಯಾಪಾರ ಮಾಡಿದ. ಬಣ್ಣದ ಫಿಲ್ಮಿನ ವ್ಯಾಪಾರವೂ ಅದರಲ್ಲಿ ಒಂದು. ಯುರೋಪಿನ ತುಂಬ ವಿಮಾನದಲ್ಲಿ ಓಡಾಡುವ ವ್ಯಾಪಾರಿ ಎಂಬ ಈ ವೇಷವೇ ಬ್ರಿಟಿಷ್ ಗುಪ್ತಚರರಿಗೆ ಬೇಕಾಗಿತ್ತು.

1939ರಲ್ಲಿ, ಯುದ್ಧ ಶುರುವಾಗುವ ಮೊದಲು, ಕಾಟನ್ ಒಂದು ಲಾಕ್‌ಹೀಡ್ ವಿಮಾನದ ನೆಲದಡಿ ಕ್ಯಾಮೆರಾಗಳನ್ನು ಬಚ್ಚಿಟ್ಟುಕೊಂಡು ಜರ್ಮನಿಯ ಮೇಲೆ ಹಾರಾಡಿದ. ಎತ್ತರಕ್ಕೆ ಹೋದರೆ ಲೆನ್ಸಿಗೆ ಮಂಜು ಕಟ್ಟುವುದು ಆಗಿನ ದೊಡ್ಡ ತೊಡಕು. ಕ್ಯಾಮೆರಾದ ಕಿಂಡಿಗಳ ಮೇಲೆ ಬಿಸಿಗಾಳಿ ಹಾಯುವಂತೆ ಮಾಡಿ ಆ ತೊಡಕು ನಿವಾರಿಸಿದ. ಕುಳಿತಲ್ಲಿಂದಲೇ ಕೆಳಗೆ ನೋಡಲು ಅನುಕೂಲವಾಗುವಂತೆ ಪಕ್ಕದ ಕಿಟಕಿಯನ್ನು ನೀರಿನ ಹನಿಯ ಆಕಾರದಲ್ಲಿ ಉಬ್ಬಿಸಿದ. ಜರ್ಮನಿಯ ವಾಯುಪಡೆಯ ಸೇನಾನಿ ಕೆಸೆಲ್‌ರಿಂಗ್‌ನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಹಾರುತ್ತ, ಅವನ ಕಾಲಡಿಯಲ್ಲೇ ಕ್ಯಾಮೆರಾ ಓಡಿಸಿದೆ ಎಂದು ಕಾಟನ್ ಮುಂದೆ ಹೇಳಿಕೊಂಡಿದ್ದಾನೆ. ಹೇಳಿಕೊಂಡವನು ಅವನೇ ಆದ್ದರಿಂದ ಸ್ವಲ್ಪ ಉಪ್ಪು ಖಾರ ಕಳೆದೇ ಕೇಳಬೇಕು.

ಯುದ್ಧ ಶುರುವಾದ ಮೇಲೆ ಅವನೂ, ಮಾರಿಸ್ ಲಾಂಗ್‌ಬಾಟಮ್ ಎಂಬ ಯುವ ಅಧಿಕಾರಿಯೂ ವಾಯುಪಡೆಯ ಹಳೆಯ ಯೋಚನೆಯನ್ನು ತಲೆಕೆಳಗು ಮಾಡಿದರು. ಅಲ್ಲಿಯವರೆಗೆ ಬೇಹಿಗೆ ಕಳಿಸುತ್ತಿದ್ದುದು ನಿಧಾನವಾದ, ಬಂದೂಕು ಹೊತ್ತ ಬಾಂಬರ್‌ಗಳನ್ನು. ಅವು ಶತ್ರುವಿನ ಕೈಗೆ ಸಿಕ್ಕಿ ಉದುರುತ್ತಿದ್ದವು. ಇವರು ಹೇಳಿದ್ದು: ವೇಗದ ಸ್ಪಿಟ್‌ಫೈರ್ ತೆಗೆದುಕೊಳ್ಳಿ, ಬಂದೂಕು ಕಿತ್ತು ಹಾಕಿ, ಅದರ ಜಾಗದಲ್ಲಿ ಕ್ಯಾಮೆರಾ ಕೂರಿಸಿ, ಸಂದುಗಳನ್ನೆಲ್ಲ ಮೆತ್ತಿ ನುಣುಪು ಮಾಡಿ, ಆಕಾಶದಲ್ಲಿ ಎದ್ದು ಕಾಣದ ತಿಳಿ ಬಣ್ಣ ಹೊಡೆಯಿರಿ. ಒಬ್ಬನೇ ಹೋಗಬೇಕು, ಎತ್ತರದಲ್ಲಿ ಹೋಗಬೇಕು, ಯಾರಾದರೂ ಬೆನ್ನತ್ತಿದರೆ ಜಗಳಕ್ಕೆ ನಿಲ್ಲದೆ ಓಡಿ ಬರಬೇಕು. 1939ರ ನವೆಂಬರ್ 18ರಂದು ಲಾಂಗ್‌ಬಾಟಮ್ ಫ್ರಾನ್ಸಿನಿಂದ ಎದ್ದು ಜರ್ಮನಿಯ ಆಖೆನ್ ಕಡೆಗೆ ಅಂಥ ಮೊದಲ ಹಾರಾಟ ಮಾಡಿದ.

ಬಂದೂಕಿಲ್ಲದ ವಿಮಾನದಲ್ಲಿ ಶತ್ರುವಿನ ನೆತ್ತಿಯ ಮೇಲೆ ಒಬ್ಬನೇ ತಾಸುಗಟ್ಟಲೆ ಇರುವುದೆಂದರೆ ಹೇಗಿರುತ್ತದೆ ಎಂದು ಯೋಚಿಸಿ. ಚಿತ್ರ ಸರಿಯಾಗಿ ಬರಬೇಕಾದರೆ ವಿಮಾನ ನೇರವಾಗಿ, ಒಂದೇ ಎತ್ತರದಲ್ಲಿ, ಅಲುಗದೆ ಸಾಗಬೇಕು. ಕೆಳಗಿನ ಗುಂಡಿಗೆ ಸಿಗುವುದೂ ಹಾಗೆ ಸಾಗುವಾಗಲೇ. ಒಂದು ಚಿತ್ರ ಮುಂದಿನ ಚಿತ್ರದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಮತ್ತೆ ಹಿಡಿಯುವಂತೆ ಸಾಲಾಗಿ ತೆಗೆಯುತ್ತಾರೆ. ಅವನ್ನು ಜೋಡಿಸಿ ಎರಡು ಮಸೂರದ ಉಪಕರಣದಲ್ಲಿ ನೋಡಿದರೆ ಚಪ್ಪಟೆ ನೆಲ ಎದ್ದು ನಿಲ್ಲುತ್ತದೆ. ಗೋಡೆ, ದಿಬ್ಬ, ಹಳ್ಳ ಬೇರೆ ಬೇರೆಯಾಗುತ್ತವೆ. ಬೆಳಗಿನ ಅಥವಾ ಸಂಜೆಯ ಇಳಿ ಬಿಸಿಲಿನಲ್ಲಿ ತೆಗೆದ ಚಿತ್ರವಾದರೆ ನೆರಳೇ ಅರ್ಧ ಕಥೆ ಹೇಳುತ್ತದೆ. ಹೊಸದಾಗಿ ಅಗೆದ ಮಣ್ಣು ಹಸಿರಿನ ನಡುವೆ ಗಾಯದಂತೆ ಕಾಣುತ್ತದೆ, ಜನ ಓಡಾಡಿದ ಹುಲ್ಲು ಕಾಲುದಾರಿಯಾಗಿ ಬೆಳ್ಳಗಾಗುತ್ತದೆ. ಭಾದ್ರಪದದಲ್ಲಿ ನಮ್ಮ ಹೊಲಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೊಗರಿ ಮೊಣಕಾಲು ದಾಟಿರುವ ಹೊಲದಲ್ಲಿ ನಾಲ್ಕು ಜನ ಕೂರುವ ಗುಂಡಿ ತೋಡಿ, ಆ ಮಣ್ಣನ್ನು ಎಲ್ಲಿ ಅಡಗಿಸುವುದು?

ಬಾಂಬರ್‌ಗಳಿಗೆ ಈ ಚಿತ್ರಗಳು ಎಷ್ಟು ಬೇಕಾಗಿದ್ದವು ಎಂಬುದು 1941ರ ಆಗಸ್ಟ್‌ನಲ್ಲಿ ಬಯಲಾಯಿತು. ಬಟ್ ಎಂಬ ಅಧಿಕಾರಿ ರಾತ್ರಿ ದಾಳಿಯಲ್ಲಿ ಬಾಂಬರ್‌ಗಳೇ ತೆಗೆದ 600ಕ್ಕೂ ಹೆಚ್ಚು ಚಿತ್ರಗಳನ್ನು ಪರಿಶೀಲಿಸಿದ. ಗುರಿಗೆ ಬಾಂಬು ಹಾಕಿ ಬಂದೆವು ಎಂದು ವರದಿ ಕೊಟ್ಟ ವಿಮಾನಗಳಲ್ಲಿ ಗುರಿಯ ಐದು ಮೈಲಿ ಒಳಗೆ ಹೋಗಿದ್ದವು ಮೂರಕ್ಕೆ ಒಂದು ಮಾತ್ರ. ಐದು ಮೈಲಿ ಎಂದರೆ ಎಂಟು ಕಿ.ಮೀ. ಬೀದರ್ ಕೋಟೆಗೆ ಗುರಿಯಿಟ್ಟು ಎಲ್ಲೋ ದೂರದ ಹಳ್ಳಿಯ ಜೋಳದ ಹೊಲಕ್ಕೆ ಹಾಕಿ, ಕೋಟೆ ಒಡೆದೆವು ಎಂದು ಬಂದು ಹೇಳಿದಂತೆ. ಅಲ್ಲಿಂದ ಮುಂದೆ ದಾಳಿಗೆ ಮೊದಲು ಒಂದು ಚಿತ್ರ, ದಾಳಿಯ ನಂತರ ಒಂದು ಚಿತ್ರ ಎಂಬುದು ಇನ್ನಷ್ಟು ಬಿಗಿಯಾಯಿತು. 1943ರ ಮೇ 17ರ ಬೆಳಿಗ್ಗೆ ಜರ್ಮನಿಯ ಮ್ಯೋನೆ ಅಣೆಕಟ್ಟು ಒಡೆದು ನೀರು ಹರಿಯುತ್ತಿರುವ ಚಿತ್ರ ತಂದದ್ದೂ ಇಂಥ ಒಬ್ಬ ಒಂಟಿ ಸ್ಪಿಟ್‌ಫೈರ್ ಪೈಲಟ್.

ನಮ್ಮವರೂ ಇದೇ ಕೆಲಸ ಮಾಡಿದ್ದಾರೆ. ಬರ್ಮಾ ಗಡಿಯ ಅರಕಾನಿನಲ್ಲಿ ಮೆಹರ್ ಸಿಂಗ್ ನಾಯಕತ್ವದ ಭಾರತೀಯ ವಾಯುಪಡೆಯ 6ನೇ ಸ್ಕ್ವಾಡ್ರನ್ ಹರಿಕೇನ್ ವಿಮಾನಗಳಲ್ಲಿ ಕಾಡಿನ ಮೇಲೆ ತಗ್ಗಿ ಹಾರಿ ಜಪಾನೀಯರ ಜಾಡು ಹುಡುಕುತ್ತಿತ್ತು. ಜೋಡಿಯಾಗಿ ಹೋಗುತ್ತಿದ್ದರು: ಒಬ್ಬ ನೆಲ ನೋಡುವವನು, ಇನ್ನೊಬ್ಬ ಅವನ ಬೆನ್ನು ಕಾಯುವವನು. 14ನೇ ಸೇನೆಯ ಕಣ್ಣು ಎಂದೇ ಆ ಪಡೆಗೆ ಹೆಸರಾಯಿತು. 1948ರಲ್ಲಿ ಸ್ವತಂತ್ರ ಭಾರತದ ವಾಯುಪಡೆಗೆ ಇದ್ದದ್ದು ಇಂಥ ಯುದ್ಧದಲ್ಲಿ ಪಳಗಿದ ಕಣ್ಣುಗಳು.

ಕಾಟನ್‌ಗೆ ಮರಳೋಣ. ಮೇಲಧಿಕಾರಿಗಳ ಜೊತೆ ಅವನಿಗೆ ಎಂದೂ ಹೊಂದಿಕೆಯಾಗಲಿಲ್ಲ. 1940ರ ಜೂನ್‌ನಲ್ಲಿ ಅವನನ್ನು ತೆಗೆದು, ಅವನು ಕಟ್ಟಿದ ಪಡೆಯನ್ನು ಬೇರೆಯವರಿಗೆ ವಹಿಸಿದರು. ಮರುವರ್ಷ ಒಂದು ಪದಕ ಕೊಟ್ಟು ಸಮಾಧಾನ ಮಾಡಿದರು. ಆಮೇಲೆ ಅವನ ಹೆಸರು ದೊಡ್ಡದಾಗಿ ಕೇಳಿಬಂದದ್ದು ಎಂಟು ವರ್ಷಗಳ ನಂತರ, ನಮ್ಮ ಕಡೆ.

1947ರ ನವೆಂಬರ್ 29ರಂದು ಭಾರತ ಮತ್ತು ಹೈದರಾಬಾದ್ ಒಂದು ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಹಾಕಿದ್ದವು. ಒಪ್ಪಂದ ಕಾಗದದಲ್ಲಿತ್ತು, ಗಡಿಯಲ್ಲಿ ಒಂದು ಕಡೆ ರಜಾಕಾರರ ಹಾವಳಿ, ಇನ್ನೊಂದು ಕಡೆ ಭಾರತ ಸರ್ಕಾರದ ಬಿಗಿಯಾದ ದಿಗ್ಬಂಧನ. ನಿಜಾಮನಿಗೆ ಶಸ್ತ್ರ ಬೇಕಾಗಿತ್ತು, ಸುತ್ತ ಎಲ್ಲ ಭಾರತದ ನೆಲ. ಉಳಿದದ್ದು ಆಕಾಶದ ದಾರಿ. ಆ ಗುತ್ತಿಗೆ ಹಿಡಿದವನೇ ಸಿಡ್ನಿ ಕಾಟನ್. ಅವನು ತಂದ ವಿಮಾನದ ಹೆಸರು ಲ್ಯಾಂಕಾಸ್ಟ್ರಿಯನ್. ಜರ್ಮನಿಯ ಪಟ್ಟಣಗಳ ಮೇಲೆ ರಾತ್ರಿ ಬಾಂಬು ಸುರಿದ ಲ್ಯಾಂಕಾಸ್ಟರ್ ಇದೆಯಲ್ಲ, ಅದನ್ನೇ ನಾಗರಿಕ ಬಳಕೆಗೆ ತಿದ್ದಿದ ರೂಪ. ಯಾವ ಬಾಂಬರ್‌ಗೆ ದಾರಿ ತೋರುವ ವಿದ್ಯೆ ಕಟ್ಟಿದನೋ ಅದೇ ಬಾಂಬರ್‌ನ ತಮ್ಮನನ್ನು ತೆಗೆದುಕೊಂಡು ಬಂದ.

ಕರಾಚಿಯಿಂದ ಬೀದರ್‌ಗೆ ನೇರ ದಾರಿ ಸುಮಾರು 1,300 ಕಿ.ಮೀ.; ಆ ವಿಮಾನಕ್ಕೆ ನಾಲ್ಕು ತಾಸಿನ ಹಾದಿ. 1948ರ ಮಳೆಗಾಲದ ರಾತ್ರಿಗಳಲ್ಲಿ ಕಾಟನ್‌ನ ವಿಮಾನಗಳು ಬಂದೂಕು, ಮದ್ದುಗುಂಡು ಹೊತ್ತು ಬೀದರ್‌ಗೂ ವರಂಗಲ್‌ಗೂ ಬಂದಿಳಿದವು. ಔಷಧಿಯೂ ಇತ್ತು, ಮತ್ತು ದಿಗ್ಬಂಧನಕ್ಕೆ ಸಿಕ್ಕ ಜನರಿಗೆ ನೆರವಾಗುತ್ತಿದ್ದೇನೆ ಎಂಬುದೇ ಅವನ ಸಮರ್ಥನೆ. ದೆಹಲಿ ಲಂಡನ್ನಿಗೂ ಕರಾಚಿಗೂ ದೂರಿತು. ಜಗತ್ತಿಗೆ ಮೇಲಿನಿಂದ ನೋಡುವುದನ್ನು ಕಲಿಸಿದವನು ಯಾರ ಕಣ್ಣಿಗೂ ಬೀಳದಂತೆ ಕತ್ತಲಲ್ಲಿ ಬಂದು ಹೋಗುತ್ತಿದ್ದದ್ದು ನಮ್ಮ ಜಿಲ್ಲೆಗೆ.

ಇದರಲ್ಲಿ ನಿಜಾಮನ ಕಡೆಯ ಒಂದು ವ್ಯಂಗ್ಯವೂ ಇದೆ. ಮೊದಲನೇ ಮಹಾಯುದ್ಧದಲ್ಲಿ ನಿಜಾಮ ಉಸ್ಮಾನ್ ಅಲಿ ಖಾನ್ ಕೊಟ್ಟ ಹಣದಲ್ಲಿ ಬ್ರಿಟಿಷರ 110ನೇ ಸ್ಕ್ವಾಡ್ರನ್ನಿಗೆ ಡಿಎಚ್-9ಎ ಬಾಂಬರ್‌ಗಳು ಬಂದವು, ದಾನಿಯ ಹೆಸರು ವಿಮಾನಗಳ ಮೇಲೇ ಇತ್ತು. 1918ರಲ್ಲಿ ಅವು ಜರ್ಮನಿಯ ಊರುಗಳ ಮೇಲೆ ಬಾಂಬು ಹಾಕಿದವು. 1940ರಲ್ಲಿ ಇಂಗ್ಲೆಂಡಿನ ಆಕಾಶ ಕಾದ ಸ್ಪಿಟ್‌ಫೈರ್ ಪಡೆಗಳಲ್ಲಿ ಒಂದು 152ನೇ ಹೈದರಾಬಾದ್ ಸ್ಕ್ವಾಡ್ರನ್. ಅದರ ಲಾಂಛನದಲ್ಲಿ ನಿಜಾಮನ ಪೇಟ, ಕೆಳಗೆ ‘ನಿಷ್ಠಾವಂತ ಮಿತ್ರ’ ಎಂಬ ಬಿರುದು. ಭಾಲ್ಕಿ, ಔರಾದಿನ ಕರಿಮಣ್ಣಿನ ಹೊಲಗಳೂ ತುಂಬಿಸಿದ ಖಜಾನೆ ಅದು. 1948ರಲ್ಲಿ ತನ್ನದೇ ಆಕಾಶ ಕಾಯಲು ಅದೇ ನಿಜಾಮನ ಹತ್ತಿರ ಒಂದು ಯುದ್ಧವಿಮಾನ ಇರಲಿಲ್ಲ.

ಹಾಗಾಗಿ ಸೆಪ್ಟೆಂಬರ್ 13ರ ನಂತರ ಮೇಲಿನ ಕಣ್ಣು ಒಂದೇ ಕಡೆಯದು. ವಾಯುಪಡೆಯ ಗುರಿಗಳಲ್ಲಿ ಬೀದರ್ ಮತ್ತು ವರಂಗಲ್ ವಿಮಾನ ನಿಲ್ದಾಣಗಳಿದ್ದವು. ಕಾಟನ್‌ನ ದಾರಿ ಮುಚ್ಚಿತು. 14ಕ್ಕೆ ರಾಜೇಶ್ವರ. 16ರಂದು ಒಂದು ತುಕಡಿ ಜಹೀರಾಬಾದ್ ಕಡೆ ಹೊರಟು ನೆಲಬಾಂಬುಗಳಿಗೆ ಸಿಕ್ಕಿ ನಿಧಾನವಾಯಿತು. ಹೆದ್ದಾರಿಗೆ ಬೀದರ್ ರಸ್ತೆ ಕೂಡುವಲ್ಲಿ ಮತ್ತೆ ಹೊಂಚು ದಾಳಿ. ಮಣ್ಣಿನಡಿ ಹೂತ ನೆಲಬಾಂಬು ಆಕಾಶಕ್ಕೆ ಕಾಣುವಂಥದ್ದಲ್ಲ. 17ರ ನಸುಕಿನಲ್ಲಿ ಸೇನೆ ಬೀದರ್ ಪ್ರವೇಶಿಸಿತು. ಅಂದು ಸಂಜೆ ನಿಜಾಮ ಕದನ ವಿರಾಮ ಘೋಷಿಸಿದ, 18ಕ್ಕೆ ಹೈದರಾಬಾದ್ ಸೇನೆಯ ಮುಖ್ಯಸ್ಥ ಎಲ್ ಎದ್ರೂಸ್ ಮೇಜರ್ ಜನರಲ್ ಚೌಧರಿಗೆ ಶರಣಾದ. ಕಾಟನ್ ಇಷ್ಟೆಲ್ಲ ಹೊತ್ತು ತಂದ ಶಸ್ತ್ರಗಳು ಯುದ್ಧವನ್ನು ಒಂದು ವಾರವೂ ಎಳೆಯಲಿಲ್ಲ. ಬ್ರಿಟನ್ನಿನ ನ್ಯಾಯಾಲಯ ಅವನಿಗೆ 200 ಪೌಂಡ್ ದಂಡ ಹಾಕಿ ಬಿಟ್ಟಿತು. 1969ರ ಫೆಬ್ರವರಿಯಲ್ಲಿ ಅವನು ತೀರಿಕೊಂಡ.

ಭಾಷಣಗಳಲ್ಲಿ ಕಥೆ ಇಲ್ಲಿಗೆ ಮುಗಿಯುತ್ತದೆ. ನಮಗೆ ಇಲ್ಲಿಂದಲೇ ತಕರಾರು ಶುರು.

ಆ ವರ್ಷದ ಎರಡು ಸಂಗತಿಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ. ಮೇ ತಿಂಗಳಲ್ಲಿ ಗೋರ್ಟಾ ಗ್ರಾಮದ ಮೇಲೆ ರಜಾಕಾರರು ಬಿದ್ದು ಕೊಂದವರ ಸಂಖ್ಯೆ ಇನ್ನೂರಕ್ಕೂ ಹೆಚ್ಚು ಎಂಬುದು ಅಲ್ಲಿಯವರ ಲೆಕ್ಕ. ಗಡಿ ಹತ್ತಿರದ ಊರುಗಳಿಂದ ಜನ ಗಂಟುಮೂಟೆ ಕಟ್ಟಿಕೊಂಡು ಸೊಲ್ಲಾಪುರದ ಸೀಮೆಗೆ ಓಡಿದರು. ಸೇನೆ ಬರಲು ಇನ್ನೂ ನಾಲ್ಕು ತಿಂಗಳಿತ್ತು. ಇನ್ನೊಂದು, ಸೇನೆ ಬಂದ ಮೇಲಿನದು. ಕಾರ್ಯಾಚರಣೆಯ ಹೊತ್ತಿಗೂ ಅದರ ನಂತರವೂ ಮುಸ್ಲಿಮರ ಮೇಲೆ ಸೇಡು ತೀರಿಸಿಕೊಂಡ ಘಟನೆಗಳನ್ನು ನೋಡಿ ಬರಲು ನೆಹರೂ ಪಂಡಿತ ಸುಂದರಲಾಲರ ಸಮಿತಿ ಕಳಿಸಿದರು. ನವೆಂಬರ್ ಕೊನೆಯಿಂದ ಡಿಸೆಂಬರ್ ಮೂರನೇ ವಾರದವರೆಗೆ ಅದು ಹಳ್ಳಿ ಹಳ್ಳಿ ತಿರುಗಿತು. ಸಂಸ್ಥಾನದಲ್ಲಿ ಒಟ್ಟು 27,000ದಿಂದ 40,000 ಜನ ಸತ್ತಿರಬಹುದು ಎಂದು ಅಂದಾಜಿಸಿತು. ಅತಿ ಹೆಚ್ಚು ನೊಂದ ಜಿಲ್ಲೆಗಳೆಂದು ಅದು ಹೆಸರಿಸಿದ್ದು ನಾಲ್ಕು: ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್. ಆ ವರದಿಯನ್ನು ಸರ್ಕಾರ ದಶಕಗಳ ಕಾಲ ಹೊರಗೆ ಬಿಡಲಿಲ್ಲ.

ಇವೆರಡೂ ಮೇಲಿನಿಂದ ತೆಗೆದ ಯಾವ ಚಿತ್ರದಲ್ಲೂ ಕಾಣುವಂಥವಲ್ಲ. ಹೊಂಚು ಹಾಕಿದ ಗುಂಡಿ ಕಾಣುತ್ತದೆ. ಬಾವಿ ಕಟ್ಟೆಯ ಹತ್ತಿರ ಸೇರಿದ ಜನ ಬೆದರಿ ನಿಂತಿದ್ದಾರೋ ನೀರಿಗೆ ಬಂದಿದ್ದಾರೋ ಕಾಣುವುದಿಲ್ಲ. ಸುಟ್ಟ ಮನೆ ಕಾಣುತ್ತದೆ, ಯಾರ ಮನೆ ಎಂದು ಕಾಣುವುದಿಲ್ಲ. ಅದನ್ನು ತಿಳಿಯಲು ನಡೆದೇ ಹೋಗಬೇಕು, ಸುಂದರಲಾಲರ ಸಮಿತಿ ಹೋದಂತೆ. ನಮ್ಮ ಊರುಗಳಲ್ಲಿ ಗೋರ್ಟಾ ನೆನೆಯುವವರು ಒಂದು ಕಡೆ ಕೂರುತ್ತಾರೆ, ಸುಂದರಲಾಲ್ ವರದಿ ಓದುವವರು ಇನ್ನೊಂದು ಕಡೆ. ಎರಡನ್ನೂ ಒಂದೇ ಪುಟದಲ್ಲಿ ಬರೆದ ವರದಿಗಾರನಿಗೆ ಎರಡೂ ಕಡೆಯಿಂದ ಫೋನ್ ಬರುತ್ತದೆ. ಬರಲಿ. ಎರಡೂ ನಡೆದದ್ದು ಇದೇ ಜಿಲ್ಲೆಯಲ್ಲಿ, ಒಂದೇ ವರ್ಷದಲ್ಲಿ.

ಮೇಲಿನ ಕಣ್ಣು ಕಂಡದ್ದನ್ನು ಕೆಳಗಿನವರು ಒಪ್ಪಬೇಕೆಂಬ ನಿಯಮವೂ ಇಲ್ಲ. ವಾಯುಪಡೆಯ 106ನೇ ಸ್ಕ್ವಾಡ್ರನ್ನಿನ ಜಗಮೋಹನ್ ನಾಥ್ 1962ಕ್ಕೂ ಮುನ್ನ ಕ್ಯಾನ್‌ಬೆರಾ ವಿಮಾನದಲ್ಲಿ ಅಕ್ಸಾಯ್ ಚಿನ್, ಟಿಬೆಟ್ ಮೇಲೆ ಹಾರಿ ಚೀನಾದ ಸೇನೆ ಜಮಾಯಿಸಿದ್ದನ್ನು ಚಿತ್ರ ಸಮೇತ ತಂದರು. ಆ ಎಚ್ಚರಿಕೆಗೆ ತಕ್ಕ ಬೆಲೆ ಸಿಗಲಿಲ್ಲ ಎಂದು ಅವರೇ ಮುಂದೆ ಸಂದರ್ಶನಗಳಲ್ಲಿ ಹೇಳಿದ್ದಾರೆ. 1965ರ ಯುದ್ಧದ ಹಾರಾಟಗಳೂ ಸೇರಿ ಅವರಿಗೆ ಎರಡು ಬಾರಿ ಮಹಾವೀರ ಚಕ್ರ ಬಂತು. ಬೀದರ್‌ನಲ್ಲಿ ಇಂದಿನ ವಾಯುಪಡೆ ಕೇಂದ್ರ 1963ರಲ್ಲಿ ನೆಲೆಗೊಂಡದ್ದೂ ಚೀನಾ ಯುದ್ಧದ ಪೆಟ್ಟಿನ ನಂತರವೇ, ಹೆಚ್ಚು ಪೈಲಟ್‌ಗಳನ್ನು ತಯಾರು ಮಾಡಬೇಕಾಗಿ ಬಂದಾಗ. ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದು ಇಲ್ಲಿ, 2008ರಲ್ಲಿ ಹಾಕ್ ತರಬೇತಿ ವಿಮಾನಗಳು ಬಂದದ್ದು ಇಲ್ಲಿಗೆ. ಭಾಲ್ಕಿಯ ಬಸ್ ನಿಲ್ದಾಣದಲ್ಲಿ ಹಾಕ್ ಸದ್ದಿಗೆ ಮಾತು ನಿಲ್ಲಿಸಿ, ಅದು ಹೋದ ಮೇಲೆ ಮುಂದುವರಿಸುವುದು ಈಗ ಎಲ್ಲರಿಗೂ ರೂಢಿ. ತಲೆ ಎತ್ತಿ ನೋಡುವುದು ಮಕ್ಕಳು ಮಾತ್ರ.

1948ರಲ್ಲಿ ಹೀಗೆ ತಲೆ ಎತ್ತಿ ನೋಡಿದ ಮಕ್ಕಳು ಈಗ ಎಂಬತ್ತೈದು, ತೊಂಬತ್ತರ ಅಂಚಿನಲ್ಲಿದ್ದಾರೆ. ಔರಾದ್ ಕಡೆಯ ಹಳ್ಳಿಗಳಲ್ಲಿ, ರಾಜೇಶ್ವರದ ಸುತ್ತ, ಭಾಲ್ಕಿಯ ಓಣಿಗಳಲ್ಲಿ ಅಂಥವರು ಇನ್ನೂ ಒಬ್ಬಿಬ್ಬರು ಸಿಗುತ್ತಾರೆ. ನಿಮ್ಮ ಮನೆಯಲ್ಲೇ ಇದ್ದರೆ ಈ ಹಬ್ಬಕ್ಕೆ ಊರಿಗೆ ಹೋದಾಗ ಫೋನಿನಲ್ಲಿ ದನಿ ಹಿಡಿದುಕೊಳ್ಳಿ. ರಜಾಕಾರರು ಹೇಗಿದ್ದರು, ಸೇನೆ ಹೇಗಿತ್ತು ಎಂದು ಕೇಳಬೇಡಿ, ಅದಕ್ಕೆ ಭಾಷಣದ ಉತ್ತರವೇ ಬರುತ್ತದೆ. ವಿಮಾನ ಯಾವ ದಿಕ್ಕಿನಿಂದ ಬಂತು, ಹೊಲದಲ್ಲಿ ಆಗ ಏನು ಬೆಳೆ ಇತ್ತು, ಎಲ್ಲಿ ಅಡಗಿದಿರಿ, ಜೊತೆಗೆ ಯಾರಿದ್ದರು, ಓಣಿಯಲ್ಲಿ ಯಾರ ಮನೆ ಆಮೇಲೆ ಖಾಲಿಯಾಯಿತು ಎಂದು ಕೇಳಿ. ಬರೆದು ನಮಗೆ ಕಳಿಸಿ.